ಜೆರ್ರಿ ಸೈನ್‌ಫೆಲ್ಡ್ ಅವರಿಗೊಂದು ಬಹಿರಂಗ ಪತ್ರ: ಆ ಒಂದು ಜೋಕನ್ನು ಅದರ ಪಾಡಿಗೆ ಬಿಡಬಾರದಿತ್ತೇ?

ಮಾನ್ಯ ಜೆರ್ರಿ ಸೈನ್‌ಫೆಲ್ಡ್ ಅವರಿಗೆ,

ನಮಸ್ಕಾರಗಳು. ಈ ಪತ್ರ ನಿಮ್ಮ ಕೈ ಸೇರುವುದು ಅನುಮಾನ. ಸೇರಿದರೂ ನಿಮಗೆ ಓದಲು ಬರುವುದಿಲ್ಲ. ಹಾಗಾಗಿ ಸಂಕೋಚವಿಲ್ಲದೆ ಬರೆಯುತ್ತಿದ್ದೇನೆ. ಅಮೆರಿಕದ ಹಾಸ್ಯಗಾರರಾದ ನಿಮ್ಮನ್ನು ನನ್ನಷ್ಟೇ ಹಚ್ಚಿಕೊಂಡ ಕನ್ನಡದವರು ಅಲ್ಲಲ್ಲಿ ಇದ್ದಾರೆ. ಅವರೆದುರಿಗಾದರೂ ನಿಮ್ಮ ಮೇಲಿನ ದೂರನ್ನು ಹೇಳಿಕೊಂಡರೆ ಮನಸ್ಸು ಸ್ವಲ್ಪ ಹಗುರಾದೀತು. ದೂರು ಇಷ್ಟೇ: 2024ರ ಮೇ 3ರಂದು ನೆಟ್‌ಫ್ಲಿಕ್ಸ್‌ನಲ್ಲಿ ತೆರೆಕಂಡ ನಿಮ್ಮ ‘ಅನ್‌ಫ್ರಾಸ್ಟೆಡ್’ ಚಿತ್ರ ನನ್ನನ್ನು ನಗಿಸಲಿಲ್ಲ.

ಕೆಟ್ಟ ಸಿನಿಮಾ ನೋಡಿ ಸಿಟ್ಟಾಗುವ ವಯಸ್ಸು ನನಗೆ ಕಳೆದಿದೆ. ಅಂಥವು ವಾರವಾರವೂ ಬರುತ್ತವೆ, ಹೋಗುತ್ತವೆ. ಅರ್ಧಕ್ಕೆ ಆರಿಸಿ ಮಲಗಿದರಾಯಿತು. ಆದರೆ ಇದನ್ನು ಇನ್ನು ಮೂವರೊಂದಿಗೆ ಕೂತು ಬರೆದವರು ನೀವು, ನಿರ್ದೇಶಿಸಿದವರು ನೀವು, ನಾಯಕನಾಗಿ ನಿಂತವರೂ ನೀವು. ಕತೆ ಹುಟ್ಟಿದ್ದೂ ನಿಮ್ಮದೇ ಒಂದು ಜೋಕಿನಿಂದ. ಬೈಯುವುದಕ್ಕೆ ನೀವು ಬೇರೆ ಯಾರನ್ನೂ ಉಳಿಸಲಿಲ್ಲ.

ಆ ಜೋಕಿನಿಂದಲೇ ಆರಂಭಿಸುತ್ತೇನೆ, ನನ್ನ ತಕರಾರಿನ ಬೇರು ಇರುವುದು ಅಲ್ಲಿಯೇ. 2012ರ ಕೊನೆಯಲ್ಲಿ ನ್ಯೂಯಾರ್ಕ್ ಟೈಮ್ಸ್ ಪತ್ರಿಕೆ ನಿಮ್ಮದೊಂದು ಚಿಕ್ಕ ವಿಡಿಯೊ ಪ್ರಕಟಿಸಿತ್ತು. ಹಳದಿ ಹಾಳೆಗಳ ಪ್ಯಾಡನ್ನು ಮುಂದಿಟ್ಟುಕೊಂಡು, ಒಂದು ಜೋಕನ್ನು ಹೇಗೆ ಕಟ್ಟುತ್ತೀರಿ ಎಂದು ನೀವು ಅದರಲ್ಲಿ ವಿವರಿಸಿದ್ದಿರಿ. ವಿಷಯ ಪಾಪ್-ಟಾರ್ಟ್. ನಮ್ಮ ಓದುಗರಿಗಾಗಿ ಹೇಳಬೇಕೆಂದರೆ, ಅದು ನಡುವೆ ಹಣ್ಣಿನ ಜಾಮು ತುಂಬಿದ ಆಯತಾಕಾರದ ಒಂದು ತಿಂಡಿ. ಬೆಳ್ಳಿಬಣ್ಣದ ಹಾಳೆಯ ಪೊಟ್ಟಣ ಒಡೆದು ಟೋಸ್ಟರಿಗೆ ಇಳಿಸಿದರೆ ಅಮೆರಿಕದ ಮಗುವಿನ ಬೆಳಗಿನ ಉಪಾಹಾರ ಮುಗಿಯಿತು. ಅದು ಮೊದಲ ಬಾರಿಗೆ ಅಂಗಡಿಗೆ ಬಂದಾಗ ಹುಡುಗನಾಗಿದ್ದ ನಿಮಗೆ ತಲೆಯ ಹಿಂಭಾಗವೇ ಹಾರಿಹೋದಂತಾಯಿತು ಎನ್ನುತ್ತೀರಿ. ಪೆಟ್ಟಿಗೆಯ ಆಕಾರವೂ ತಿಂಡಿಯ ಆಕಾರವೂ ಒಂದೇ ಆಗಿರುವುದು ನಿಮ್ಮ ಪಾಲಿಗೆ ಜಗತ್ತಿನ ದೊಡ್ಡ ಸೋಜಿಗ. ಅದು ಹಳಸುವುದೇ ಇಲ್ಲ, ಏಕೆಂದರೆ ತಾಜಾ ಆಗಿ ಇದ್ದದ್ದೇ ಇಲ್ಲ ಎಂಬ ತೀರ್ಮಾನಕ್ಕೆ ಬರುತ್ತೀರಿ. ಪಾಪ್-ಟಾರ್ಟ್ ಬರುವ ಮುನ್ನ ನಾವೆಲ್ಲ ಮಣ್ಣಿನಲ್ಲಿ ಕಡ್ಡಿ ಹಿಡಿದು ಆಡುವ ಚಿಂಪಾಂಜಿಗಳಂತಿದ್ದೆವು ಎಂದು ಹೇಳಿ, ಆ ಪುಟ್ಟ ವಾಕ್ಯದಲ್ಲಿ ಎಷ್ಟು ಪದಗಳು ತಾವಾಗಿಯೇ ನಗೆ ತರಿಸುತ್ತವೆ ಎಂದು ಒಂದೊಂದಾಗಿ ಲೆಕ್ಕ ಹಾಕಿ ತೋರಿಸುತ್ತೀರಿ. ವಾಕ್ಯ ಕೂದಲೆಳೆಯಷ್ಟು ಉದ್ದವಾಯಿತೆಂದರೆ ಪದದಿಂದ ಅಕ್ಷರ ಕೆತ್ತುತ್ತೇನೆ, ಮಾತ್ರೆ ಎಣಿಸುತ್ತೇನೆ, ಇದು ಹಾಡು ಕಟ್ಟಿದ ಹಾಗೆ ಎಂದದ್ದೂ ಅಲ್ಲಿಯೇ.

ಆ ಹೊತ್ತಿಗೆ ಆ ಜೋಕಿಗೆ ಎರಡು ವರ್ಷ ತಗುಲಿತ್ತು. ಅರ್ಥವೇ ಇಲ್ಲದ ವಿಷಯವೊಂದಕ್ಕೆ ಇದು ದೀರ್ಘ ಕಾಲ ಎಂದು ನೀವೇ ಒಪ್ಪಿಕೊಂಡಿರಿ. 2020ರಲ್ಲಿ ಬಂದ ನಿಮ್ಮ ನೆಟ್‌ಫ್ಲಿಕ್ಸ್ ಕಾರ್ಯಕ್ರಮದಲ್ಲಿ ಅದರ ಪೂರ್ಣ ರೂಪ ಕಾಣಿಸಿತು. ಮರ ಕತ್ತರಿಸುವ ಯಂತ್ರಕ್ಕೆ ಬಾಯಿಯೊಡ್ಡಿದಂತಿದ್ದ ಗೋಧಿ ಎಳೆಗಳ ತಿಂಡಿ, ಚಾಕುವಿನಿಂದ ಚುಚ್ಚಿ ಚುಚ್ಚಿ ಕರಗಿಸಬೇಕಾಗಿದ್ದ ಹೆಪ್ಪುಗಟ್ಟಿದ ಕಿತ್ತಳೆ ರಸ, ಆಮೇಲೆ ಪಾಪ್-ಟಾರ್ಟ್‌ನ ಅವತಾರ! ಕೆಲವೇ ನಿಮಿಷಗಳ ಮಾತು. ಒಂದು ಪದ ಆಚೀಚೆ ಆಗುವಂತಿರಲಿಲ್ಲ.

ನನ್ನ ಬೆಳಗುಗಳು ಉಪ್ಪಿಟ್ಟು, ಅವಲಕ್ಕಿ, ಹಿಂದಿನ ರಾತ್ರಿಯ ಅನ್ನಕ್ಕೆ ಹಾಕಿದ ಒಗ್ಗರಣೆಯಲ್ಲಿ ಕಳೆದಿವೆ. ಪಾಪ್-ಟಾರ್ಟ್ ಕೈಯಲ್ಲಿ ಹಿಡಿದವನಲ್ಲ. ಹಾಗಿದ್ದೂ ಆ ಜೋಕಿಗೆ ಹೊಟ್ಟೆ ಹಿಡಿದುಕೊಂಡು ನಕ್ಕೆ. ಅಲ್ಲಿ ನಗು ತರಿಸಿದ್ದು ತಿಂಡಿಯಲ್ಲವಲ್ಲ. ಅಂಗಡಿಯ ಸಾಲಿನ ನಡುವೆ ಬಾಯಿ ಬಿಟ್ಟುಕೊಂಡು ನಿಂತ ಒಬ್ಬ ಹುಡುಗ, ಮತ್ತು ಅರವತ್ತು ದಾಟಿದರೂ ಆ ಬೆರಗನ್ನು ನ್ಯಾಯಾಲಯದ ಸಾಕ್ಷಿಯಷ್ಟೇ ಗಂಭೀರವಾಗಿ ಮಂಡಿಸುವ ಮನುಷ್ಯ. ಮೊದಲ ಸಲ ಐದು ಪೈಸೆಯ ಐಸ್‌ಕ್ಯಾಂಡಿ ಕಂಡ ಯಾವ ಊರಿನ ಮಗುವಿಗೂ ಆ ಹುಡುಗನ ಗುರುತು ಸಿಗುತ್ತದೆ.

(ನಿಮ್ಮ ಆ ತಿಂಡಿಯ ಕಂಪನಿ, ಕೆಲಾಗ್, 1994ರಲ್ಲಿ ನಮ್ಮ ದೇಶಕ್ಕೂ ಕಾರ್ನ್‌ಫ್ಲೇಕ್ಸ್ ತಂದಿತು. ಗರಿಗರಿಯಾಗಿರುವುದೇ ಅದರ ಹೆಗ್ಗಳಿಕೆ ಎಂದು ಜಾಹೀರಾತು. ನಮ್ಮ ತಾಯಂದಿರು ಅದರ ಮೇಲೆ ಕುದಿಯುವ ಹಾಲು ಹೊಯ್ದರು. ಗರಿಗರಿ ಅಲ್ಲಿಗೇ ಮುಗಿಯಿತು. ಕಂಪನಿ ಆ ಆಘಾತದಿಂದ ಚೇತರಿಸಿಕೊಳ್ಳಲು ವರ್ಷಗಳು ಹಿಡಿದವು. ಬೇಕಿದ್ದರೆ ಇದನ್ನು ಜೋಕಿಗೆ ಬಳಸಿಕೊಳ್ಳಿ, ನನ್ನ ಅಭ್ಯಂತರವಿಲ್ಲ.)

ಈಗ ಸಿನಿಮಾಕ್ಕೆ ಬರೋಣ. 1963, ಮಿಷಿಗನ್ ರಾಜ್ಯದ ಬ್ಯಾಟಲ್ ಕ್ರೀಕ್ ಪಟ್ಟಣ. ಎದುರುಬದುರಾಗಿ ಎರಡು ಉಪಾಹಾರದ ಸಾಮ್ರಾಜ್ಯಗಳು, ಕೆಲಾಗ್ ಮತ್ತು ಪೋಸ್ಟ್. ಟೋಸ್ಟರಿನಲ್ಲಿ ಬಿಸಿಯಾಗುವ ತಿಂಡಿಯನ್ನು ಮೊದಲು ಯಾರು ತರುತ್ತಾರೆ ಎಂಬ ಪೈಪೋಟಿ. ನೀವು ಕೆಲಾಗ್‌ನ ಅಧಿಕಾರಿ ಬಾಬ್ ಕ್ಯಾಬಾನಾ. ಜಿಮ್ ಗ್ಯಾಫಿಗನ್ ನಿಮ್ಮ ಯಜಮಾನ. ಏಮಿ ಶೂಮರ್ ಪೋಸ್ಟ್‌ನ ಯಜಮಾನಿ. ಮೆಲಿಸಾ ಮೆಕಾರ್ತಿ ನಾಸಾದಿಂದ ಕರೆತಂದ ತಜ್ಞೆ. ಕಾಗದದ ಮೇಲೆ ಬಹಳ ಚೆನ್ನಾಗಿದೆ. ಚಂದ್ರನ ಮೇಲೆ ಕಾಲಿಡುವ ಸ್ಪರ್ಧೆಯ ಠೀವಿಯಲ್ಲಿ ಜಾಮು ತುಂಬಿದ ಬಿಸ್ಕತ್ತಿನ ಕತೆ ಹೇಳುವುದು ನಿಮ್ಮಿಂದ ನಿರೀಕ್ಷಿಸಬಹುದಾದದ್ದೇ. ಕ್ಷುಲ್ಲಕವನ್ನು ಗಂಭೀರವಾಗಿ ಹೇಳುವುದರಲ್ಲಿ ನಿಮಗೆ ಸಾಟಿಯಿಲ್ಲ.

ತೊಂದರೆ ಶುರುವಾಗುವುದು ಬಾಗಿಲು ತೆರೆದು ಜನ ಒಳಗೆ ಬರತೊಡಗಿದಾಗ. ಹಾಲಿನವರ ಸಂಘದ ಭಯಾನಕ ನಾಯಕನಾಗಿ ಪೀಟರ್ ಡಿಂಕ್ಲೇಜ್ ಬರುತ್ತಾರೆ. ಅಧ್ಯಕ್ಷ ಕೆನಡಿಯಾಗಿ ಬಿಲ್ ಬರ್. ಸೋವಿಯತ್ ನಾಯಕ ಕ್ರುಶ್ಚೆವ್ ಬರುತ್ತಾರೆ. ಡಬ್ಬಿಯ ಪಾಸ್ತಾಕ್ಕೆ ಹೆಸರಾದ ಬಾಣಸಿಗ, ಸೈಕಲ್ ಕಂಪನಿಯವನು, ಐಸ್‌ಕ್ರೀಮ್ ಅಂಗಡಿಯವನು, ಟಿವಿಯಲ್ಲಿ ವ್ಯಾಯಾಮ ಹೇಳಿಕೊಡುತ್ತಿದ್ದವನು, ಅಂಚೆಯ ಮೂಲಕ ಮಕ್ಕಳಿಗೆ ಸಮುದ್ರಜೀವಿಗಳನ್ನು ಮಾರುತ್ತಿದ್ದವನು, ಎಲ್ಲರೂ ಸಾಲಾಗಿ ಬಂದು ಒಂದು ಮಾತು ಹೇಳಿ ನಿಲ್ಲುತ್ತಾರೆ. ಜಾಹೀರಾತು ಲೋಕದ ಕತೆಯ ಒಂದು ಹೆಸರಾಂತ ಧಾರಾವಾಹಿಯ ಇಬ್ಬರು ನಟರು, ಜಾನ್ ಹ್ಯಾಮ್ ಮತ್ತು ಜಾನ್ ಸ್ಲಾಟರಿ, ಅದೇ ಪಾತ್ರಗಳಲ್ಲಿ ಅದೇ ಸೂಟು ತೊಟ್ಟು ಬಂದು ಹೋಗುತ್ತಾರೆ. ಮದುವೆ ಮನೆಯ ಆರತಕ್ಷತೆಯಲ್ಲಿ ನೆಂಟರು ಸಾಲು ಹಿಡಿದು ಬಂದು, ಫೋಟೊಕ್ಕೆ ನಿಂತು, ಊಟದ ಕಡೆಗೆ ಇಳಿದುಹೋಗುವ ಹಾಗೆ. ಮದುಮಗನ ಮುಖದಲ್ಲಿ ಆಗ ಇರುವ ನಗೆಯೇ ನಿಮ್ಮ ಮುಖದಲ್ಲೂ ಚಿತ್ರದುದ್ದಕ್ಕೂ ಅಂಟಿಕೊಂಡಿದೆ.

ಇವರಲ್ಲಿ ಅರ್ಧದಷ್ಟು ಮಂದಿ ಯಾರೆಂದು ಹುಡುಕಿ ತಿಳಿಯಬೇಕಾಯಿತು. ತಿಳಿದ ಮೇಲೆ ಮತ್ತೆ ನೋಡಿದೆ. ಆಗಲೂ ನಗು ಬರಲಿಲ್ಲ. ಅಮೆರಿಕದಲ್ಲಿ ಹುಟ್ಟಿ ಬೆಳೆದಿದ್ದರೆ ಬರುತ್ತಿತ್ತೇನೋ ಎಂಬ ಸಂಶಯದ ಲಾಭವನ್ನು ನಿಮಗೆ ಕೊಡುವವನಿದ್ದೆ, ಆದರೆ ನಿಮ್ಮ ದೇಶದ ವಿಮರ್ಶಕರೇ ಹೆಚ್ಚಿನವರು ಮುಖ ತಿರುಗಿಸಿದ್ದನ್ನು ಓದಿದೆ. ಗುರುತು ಹಿಡಿದಾಗ ಆಗುವ ಖುಷಿ ಬೇರೆ, ನಗು ಬೇರೆ. ಇದನ್ನು ನಿಮಗೆ ಹೇಳಿಕೊಡಬೇಕೇ? ವೇದಿಕೆಯ ಮೇಲೆ ಪಾಪ್-ಟಾರ್ಟ್ ಎಂದರೇನೆಂದು ತಿಳಿಯದ ನನ್ನನ್ನೂ ನಗಿಸಿದ ಅದೇ ಸಂಗತಿ, ನೂರು ಪರಿಚಿತ ಮುಖಗಳನ್ನು ಕೂಡಿಸಿಕೊಂಡು ಪರದೆಗೆ ಬಂದಾಗ ತನ್ನ ಊರಿನ ಹಳಬರಿಗಷ್ಟೇ ಸಲ್ಲುವ ಹಳೆಯ ಆಲ್ಬಮ್ ಆಯಿತು. ಹುಡುಗನ ಬೆರಗು ಎಲ್ಲಿ ಹೋಯಿತು? ಪಾಪ್-ಟಾರ್ಟ್ ಕಂಡು ತಲೆ ಹಾರಿಹೋಗಬೇಕಾದವನನ್ನು ನೀವು ಅದನ್ನು ಮಾರುವ ಕಂಪನಿಯ ಅಧಿಕಾರಿಯನ್ನಾಗಿ ಮಾಡಿದಿರಿ. ಅಧಿಕಾರಿಗೆ ಸೋಜಿಗವೇನು, ಅವನಿಗೆ ಅದು ನೌಕರಿ.

ಚಿತ್ರದಲ್ಲಿ ಹುಡುಗರು ಇಲ್ಲವೆಂದಲ್ಲ. ಕಸದ ತೊಟ್ಟಿಯಲ್ಲಿ ಎಸೆದ ಜಾಮು ಬಳಿದು ತಿನ್ನುವ ಇಬ್ಬರು ಮಕ್ಕಳಿದ್ದಾರೆ, ಹೋಟೆಲಿನಲ್ಲಿ ನಿಮ್ಮ ಬಾಯಿಂದ ಈ ಕತೆ ಕೇಳುವ ಇನ್ನೊಬ್ಬ ಪೋರನಿದ್ದಾನೆ. ಎಲ್ಲರೂ ದೊಡ್ಡವರು ಬರೆದುಕೊಟ್ಟ ಚುರುಕು ಮಾತುಗಳನ್ನು ಒಪ್ಪಿಸುತ್ತಾರೆ. ನಿಮ್ಮ ಹೆಸರಿನ ಆ ಟಿವಿ ಧಾರಾವಾಹಿಯನ್ನು ನೀವೂ ಲ್ಯಾರಿ ಡೇವಿಡ್ ಅವರೂ 1989ರಲ್ಲಿ ಕಟ್ಟಿದಾಗ ಒಂದು ಕಟ್ಟಳೆ ಇತ್ತು: ಯಾರೂ ಅಪ್ಪಿಕೊಳ್ಳಬಾರದು, ಯಾರೂ ಪಾಠ ಕಲಿಯಬಾರದು. ಒಂಬತ್ತು ವರ್ಷ, 180 ಕಂತು, ನಾಲ್ವರು ಸ್ವಾರ್ಥಿಗಳು ಸ್ವಾರ್ಥಿಗಳಾಗಿಯೇ ಉಳಿದರು. ಕೊನೆಗೆ ಜೈಲಿಗೂ ಹೋದರು. ಆ ನಿಷ್ಠುರತೆಗೇ ನಾವು ಮಾರುಹೋದದ್ದು. ‘ಅನ್‌ಫ್ರಾಸ್ಟೆಡ್’ ಚಿತ್ರದಲ್ಲಿ ಯಾರಿಗೂ ಯಾವ ಏಟೂ ತಾಗುವುದಿಲ್ಲ. ಎಲ್ಲರೂ ಒಳ್ಳೆಯವರು, ಬಣ್ಣಗಳೆಲ್ಲ ಮಿಠಾಯಿಯವು, ಸಂಗೀತ ಎಲ್ಲೂ ನಿಲ್ಲದೆ ‘ಇದು ತಮಾಷೆ, ಇದು ತಮಾಷೆ’ ಎಂದು ತಿವಿಯುತ್ತಲೇ ಇರುತ್ತದೆ. ಲ್ಯಾರಿ ಡೇವಿಡ್ ಪಕ್ಕದಲ್ಲಿದ್ದಿದ್ದರೆ ಚಿತ್ರಕತೆಯ ಮೊದಲ ಪ್ರತಿ ಓದಿ ಏನು ಹೇಳುತ್ತಿದ್ದರೆಂದು ಊಹಿಸಿಕೊಂಡೆ. ಆ ಊಹೆ ನಿಮ್ಮ ಸಿನಿಮಾಕ್ಕಿಂತ ಹೆಚ್ಚು ನಗಿಸಿತು.

ನ್ಯಾಯವಾಗಿ ಹೇಳಬೇಕೆಂದರೆ ಎರಡು ಕಡೆ ನಕ್ಕಿದ್ದೇನೆ. ಒಂದು, ಪ್ರಯೋಗಾಲಯದ ಸ್ಫೋಟದಲ್ಲಿ ಸತ್ತವನಿಗೆ ಸಕಲ ಉಪಾಹಾರ ಮರ್ಯಾದೆಗಳೊಂದಿಗೆ ನಡೆಯುವ ಅಂತ್ಯಕ್ರಿಯೆ. ಸೇನಾ ಗೌರವದ ಕಟ್ಟುನಿಟ್ಟಿನಲ್ಲಿ ತಿಂಡಿ ಡಬ್ಬಿಗಳ ಮೇಲಿನ ಬೊಂಬೆಗಳೆಲ್ಲ ನಿಂತಿರುವಾಗ ಗುಂಡಿಗೆ ಹಾಲು ಹೊಯ್ಯುತ್ತಾರೆ. ಯಾರೂ ನಗುವುದಿಲ್ಲ, ಯಾರೂ ಕಣ್ಣು ಮಿಟುಕಿಸುವುದಿಲ್ಲ. ಇನ್ನೊಂದು, ಹ್ಯೂ ಗ್ರಾಂಟ್. ಹುಲಿಯ ಬೊಂಬೆಗೆ ದನಿ ಕೊಡುವ ಥರ್ಲ್ ರೇವನ್ಸ್‌ಕ್ರಾಫ್ಟ್ ಆಗಿ, ಶೇಕ್ಸ್‌ಪಿಯರ್ ನಾಟಕಗಳಿಗೆ ಹುಟ್ಟಿದವನೊಬ್ಬ ಹುಲಿವೇಷದಲ್ಲಿ ಬೆವರುವ ಅವಮಾನವನ್ನು ಅವರು ಎಷ್ಟು ನಿಜವಾಗಿ ಅನುಭವಿಸುತ್ತಾರೆಂದರೆ, ಅವರ ಸುತ್ತಲಿನ ಸಿನಿಮಾ ಒಂದು ಗಳಿಗೆ ಮರೆತುಹೋಗುತ್ತದೆ. ವೇಷಧಾರಿಗಳ ಮುಷ್ಕರ ದಂಗೆಯಾಗಿ ಕಂಪನಿಯ ಕಚೇರಿಗೆ ನುಗ್ಗುವ ದೃಶ್ಯ ಮಾತ್ರ, ಟ್ರಂಪ್ ಬೆಂಬಲಿಗರು ಅಮೆರಿಕದ ಸಂಸತ್ ಭವನಕ್ಕೆ ನುಗ್ಗಿದ 2021ರ ಜನವರಿ 6ರ ನೆರಳಿನಲ್ಲಿ ಸಿಕ್ಕಿಹಾಕಿಕೊಂಡು, ಹೇಳುವುದಕ್ಕೆ ಏನೂ ಇಲ್ಲದೆ ಕದಲಿಹೋಯಿತು. ಅಂಥ ದಿನವನ್ನು ಎತ್ತಿಕೊಂಡ ಮೇಲೆ ಒಂದಾದರೂ ಮಾತು ಇರಬೇಕಿತ್ತು.

ನನಗೆ ಇನ್ನೂ ಹೊಟ್ಟೆಕಿಚ್ಚು ತರಿಸುವ ಸಂಗತಿ ಬೇರೆ ಇದೆ. ನಿಜವಾಗಿ ನಡೆದದ್ದನ್ನು ಓದಿದರೆ ನಿಮ್ಮ ಕಲ್ಪನೆಗಿಂತ ಅದು ಹತ್ತು ಪಟ್ಟು ವಿಚಿತ್ರವಾಗಿದೆ. ಬ್ಯಾಟಲ್ ಕ್ರೀಕ್‌ನಲ್ಲಿ ಡಾ. ಜಾನ್ ಹಾರ್ವೆ ಕೆಲಾಗ್ ಎಂಬವರು ಒಂದು ಆರೋಗ್ಯಧಾಮ ನಡೆಸುತ್ತಿದ್ದರು. ಮಾಂಸ ಬೇಡ, ಮಸಾಲೆ ಬೇಡ, ಕಾಮ ಬೇಡ. ಮೊಸರನ್ನು ಮಾತ್ರ ಬಾಯಿಂದಲೂ ಕೊಡುತ್ತಿದ್ದರು, ಹಿಂಬಾಗಿಲಿನಿಂದಲೂ ಕೊಡುತ್ತಿದ್ದರು. 1891ರಲ್ಲಿ ಸಿ. ಡಬ್ಲ್ಯು. ಪೋಸ್ಟ್ ಎಂಬ ರೋಗಿ ಅಲ್ಲಿಗೆ ಬಂದರು. ಊಟದ ಮೇಜಿನ ಮೇಲಿದ್ದುದನ್ನು ಚೆನ್ನಾಗಿ ನೋಡಿಕೊಂಡರು, ಅದೇ ಊರಿನಲ್ಲಿ 1895ರಲ್ಲಿ ಸ್ವಂತ ವ್ಯಾಪಾರ ತೆರೆದು ಶ್ರೀಮಂತರಾದರು. ಇದನ್ನು ಕಂಡು ಡಾಕ್ಟರ ತಮ್ಮ ವಿಲ್ ಕೆಲಾಗ್ 1906ರಲ್ಲಿ ತನ್ನದೇ ಕಂಪನಿ ಕಟ್ಟಿದರು. ಆಮೇಲೆ ಅಣ್ಣ ತಮ್ಮಂದಿರು ಮನೆತನದ ಹೆಸರು ಯಾರದು ಎಂದು ಕೋರ್ಟಿನಲ್ಲಿ ವರ್ಷಗಟ್ಟಲೆ ಬಡಿದಾಡಿದರು. ದಾಯಾದಿ ಜಗಳದ ಬಗ್ಗೆ ನಮ್ಮ ಕಡೆಯವರಿಗೆ ಯಾರೂ ವ್ಯಾಖ್ಯಾನ ಕೊಡಬೇಕಿಲ್ಲ.

ಇನ್ನು ಪಾಪ್-ಟಾರ್ಟ್‌ನ ಹುಟ್ಟು. ಪೋಸ್ಟ್ ಕಂಪನಿ ನಾಯಿಗಳಿಗಾಗಿ ತೇವವೂ ಆರದ, ಕೆಡಲೂ ಕೆಡದ ಒಂದು ಆಹಾರ ತಯಾರಿಸಿತ್ತು. ಅದೇ ವಿದ್ಯೆಯನ್ನು ಮನುಷ್ಯರ ತಿಂಡಿಗೂ ಹಚ್ಚಬಹುದಲ್ಲ ಎಂದು ಹೊಳೆದು, ತನ್ನ ಹೊಸ ತಿಂಡಿಯನ್ನು 1964ರ ಆರಂಭದಲ್ಲಿ ಜಗತ್ತಿಗೆ ಸಾರಿತು. ಆದರೆ ಅಂಗಡಿಗೆ ತರುವುದಕ್ಕೆ ತಡಮಾಡಿತು. ಕೆಲಾಗ್‌ನವರು ಗಾಬರಿಯಿಂದ ಗ್ರ್ಯಾಂಡ್ ರ‍್ಯಾಪಿಡ್ಸ್‌ನ ಒಂದು ಬಿಸ್ಕತ್ತು ಕಾರ್ಖಾನೆಗೆ ಓಡಿದರು. ಅಲ್ಲಿನ ವ್ಯವಸ್ಥಾಪಕ, ಡಚ್ ವಲಸಿಗರ ಮಗ, ಹುಡುಗನಾಗಿದ್ದಾಗ ಅದೇ ಕಾರ್ಖಾನೆಯ ಲಾರಿ ತೊಳೆಯುತ್ತಿದ್ದವರು, ಕೆಲವೇ ವಾರಗಳಲ್ಲಿ ಮಾದರಿ ಸಿದ್ಧಮಾಡಿ ಮನೆಗೊಯ್ದು ಮಕ್ಕಳಿಗೆ ತಿನ್ನಿಸಿ ನೋಡಿದರು. ಅವರ ಹೆಸರೇನು ಗೊತ್ತೇ? ವಿಲಿಯಂ ಪೋಸ್ಟ್! ಪೋಸ್ಟ್ ಕಂಪನಿಯನ್ನು ಸೋಲಿಸಲು ಕೆಲಾಗ್‌ಗೆ ನೆರವಾದವರು ಒಬ್ಬ ಪೋಸ್ಟ್. ಅವರು 2024ರ ಫೆಬ್ರವರಿಯಲ್ಲಿ, ನಿಮ್ಮ ಸಿನಿಮಾ ಬರುವುದಕ್ಕೆ ಮೂರು ತಿಂಗಳೂ ಇಲ್ಲದಾಗ, 96ನೇ ವಯಸ್ಸಿನಲ್ಲಿ ತೀರಿಕೊಂಡರು. ಟೋಸ್ಟರಿನ ಬಿಸಿಗೆ ಸಕ್ಕರೆಯ ಲೇಪ ಕರಗೀತೆಂದು ಮೊದಲ ಪಾಪ್-ಟಾರ್ಟ್‌ಗಳಿಗೆ ಅದನ್ನು ಹಾಕಿರಲಿಲ್ಲ, ಹಾಕಿದ್ದು 1967ರಲ್ಲಿ. ‘ಅನ್‌ಫ್ರಾಸ್ಟೆಡ್’ ಎಂದರೆ ಆ ಲೇಪವಿಲ್ಲದ್ದು; ನಿಮ್ಮ ಚಿತ್ರದ ಹೆಸರು ಅಷ್ಟರಮಟ್ಟಿಗೆ ಸರಿಯಾಗಿದೆ.

ನಾಯಿಯ ಊಟದಿಂದ ಮಗುವಿನ ತಿಂಡಿಗೆ ಬಂದ ಈ ದಾರಿಯನ್ನು, ಈ ಎರಡು ಪೋಸ್ಟ್‌ಗಳನ್ನು, ವೇದಿಕೆಯ ಸೈನ್‌ಫೆಲ್ಡ್ ಕೈಗೆ ಕೊಟ್ಟಿದ್ದರೆ ಏನಾಗುತ್ತಿತ್ತು! ನೀವು ಏನನ್ನೂ ಹುಟ್ಟಿಸಿಕೊಂಡು ನಗಿಸಿದವರಲ್ಲ. ಇದ್ದದ್ದನ್ನು ಇದ್ದ ಹಾಗೆ ದಿಟ್ಟಿಸಿ ನೋಡಿ, ‘ಇದೇನಿದು?’ ಎಂದು ಕೇಳಿದವರು. ಸಿನಿಮಾದಲ್ಲಿ ಮಾತ್ರ ಇದ್ದದ್ದನ್ನು ಬಿಟ್ಟು, ಜೀವ ಬಂದ ಪಾಸ್ತಾ ತುಂಡೊಂದನ್ನು ಓಡಾಡಿಸಿದಿರಿ.

ಏಕೆ ಹೀಗಾಯಿತು? ನನ್ನದೊಂದು ಉತ್ತರವಿದೆ. ನಿಮ್ಮ ಜೋಕುಗಳನ್ನು ತಿದ್ದಿದವರು ನೀವೊಬ್ಬರೇ ಅಲ್ಲ. ಪ್ರತಿರಾತ್ರಿ ಎದುರಿಗೆ ಕೂತ ಜನವೂ ತಿದ್ದಿತು. 1976ರಿಂದ ನ್ಯೂಯಾರ್ಕಿನ ಹಾಸ್ಯಕ್ಲಬ್ಬುಗಳಲ್ಲಿ ನಿಂತು, ನಗದಿದ್ದ ಕಡೆ ಪದ ತೆಗೆದು, ನಕ್ಕ ಕಡೆ ಒಂದು ಉಸಿರು ಹೆಚ್ಚು ನಿಂತು ಆ ಮಾತುಗಳನ್ನು ಕಡೆದಿರಿ. 1998ರಲ್ಲಿ ಧಾರಾವಾಹಿ ಮುಗಿಸಿ, ಕೀರ್ತಿಯ ತುದಿಯಲ್ಲಿದ್ದಾಗ, ಅದುವರೆಗಿನ ಜೋಕುಗಳನ್ನೆಲ್ಲ ಬ್ರಾಡ್‌ವೇ ರಂಗಮಂದಿರದಲ್ಲಿ ಕೊನೆಯ ಬಾರಿ ಹೇಳಿ ಕೈಬಿಟ್ಟು, ಸೊನ್ನೆಯಿಂದ ಶುರುಮಾಡಿದಿರಿ. ಆ ದಿನಗಳ ಬಗ್ಗೆ 2002ರಲ್ಲಿ ಬಂದ ಸಾಕ್ಷ್ಯಚಿತ್ರವನ್ನು ನಾನು ಆಗಾಗ ನೋಡುತ್ತೇನೆ. ಜಗತ್ತಿನ ಅತ್ಯಂತ ಶ್ರೀಮಂತ ಹಾಸ್ಯಗಾರ ಸಣ್ಣ ಕ್ಲಬ್ಬೊಂದರ ವೇದಿಕೆಯಲ್ಲಿ ಮಾತು ಮರೆತು ಚೀಟಿ ತಡಕುತ್ತಾನೆ. ನೀವು ನನಗೆ ಅತ್ಯಂತ ಪ್ರಿಯರಾಗಿ ಕಂಡದ್ದು ಅಲ್ಲಿ. ನಮ್ಮಲ್ಲಿ ಮಾಸ್ಟರ್ ಹಿರಣ್ಣಯ್ಯನವರು ಒಂದೇ ನಾಟಕವನ್ನು ಸಾವಿರಾರು ಸಲ ಆಡಿದರು, ಆದರೆ ಅಂದಿನ ಸುದ್ದಿಗೂ ಎದುರಿಗೆ ಕೂತವರಿಗೂ ತಕ್ಕಂತೆ ಮಾತು ರಾತ್ರಿರಾತ್ರಿಗೂ ಬೇರೆಯಾಗುತ್ತಿತ್ತು. ಮುಂದಿನ ಸಾಲಿನಲ್ಲಿ ಮಂತ್ರಿ ಕೂತಿದ್ದರೆ ಅಂದು ಹಬ್ಬ. ನಿಮ್ಮದೂ ಅದೇ ಜಾತಿಯ ಕಸುಬು ಎಂದು ನಂಬಿದವನು ನಾನು.

2020ರಲ್ಲಿ ನೀವು 45 ವರ್ಷಗಳ ಜೋಕುಗಳನ್ನು ಸೇರಿಸಿ ಪುಸ್ತಕ ತಂದಿರಿ. ಹಾಸ್ಯಗಾರರು ಹೊಸ ಜೋಕು ಹೊಳೆದಾಗ ಒಬ್ಬರನ್ನೊಬ್ಬರು ಕೇಳಿಕೊಳ್ಳುವ ಪ್ರಶ್ನೆಯನ್ನೇ ಅದಕ್ಕೆ ಹೆಸರಾಗಿಟ್ಟಿರಿ: ಇದರಲ್ಲಿ ಏನಾದರೂ ಇದೆಯೇ? ‘ಅನ್‌ಫ್ರಾಸ್ಟೆಡ್’ ಬರೆಯುವಾಗ ಆ ಪ್ರಶ್ನೆಯನ್ನು ಯಾರಿಗೆ ಕೇಳಿದಿರಿ? ಗ್ಯಾಫಿಗನ್, ಶೂಮರ್, ಬರ್, ಆರ್ಮಿಸನ್, ಸೆಟ್ಟಿನ ತುಂಬ ಹಾಸ್ಯಗಾರರೇ ಇದ್ದರು. ಆದರೆ ಎಲ್ಲರೂ ನಿಮ್ಮ ಅತಿಥಿಗಳು, ನಿಮ್ಮ ಕರೆಗೆ ಸಂತೋಷದಿಂದ ಬಂದವರು. ‘ಇಲ್ಲ ಜೆರ್ರಿ, ಇದರಲ್ಲಿ ಏನೂ ಇಲ್ಲ’ ಎನ್ನಬಲ್ಲವರು ಒಬ್ಬರೂ ಇರಲಿಲ್ಲವೆಂದು ನನ್ನ ಅನುಮಾನ. ಕ್ಲಬ್ಬಿನಲ್ಲಿ ಎರಡು ಗ್ಲಾಸು ಕುಡಿದ ಅಪರಿಚಿತ ಆ ಕೆಲಸವನ್ನು ಪುಕ್ಕಟೆಯಾಗಿ ಮಾಡುತ್ತಿದ್ದ. ಕೊರೋನಾದ ದಿನಗಳಲ್ಲಿ ಟಿವಿಯ ತುಂಬ ಸೋತ ಮುಖಗಳನ್ನು ಕಂಡು, ಶುದ್ಧ ಹುಡುಗಾಟದ್ದೇನಾದರೂ ಮಾಡೋಣವೆನಿಸಿತು ಎಂದಿದ್ದಿರಿ. ಆಸೆ ಒಳ್ಳೆಯದೇ. ಆದರೆ ಅದು ಕ್ಲಬ್ಬುಗಳೆಲ್ಲ ಬಾಗಿಲು ಹಾಕಿದ್ದ ಕಾಲ ಎಂಬುದನ್ನೂ ನೆನೆಯಬೇಕು.

ಇದು ನಿಮಗೊಬ್ಬರಿಗೇ ಬಂದ ಕಾಯಿಲೆಯಲ್ಲ. ನಿಮ್ಮದೇ ಕಸುಬಿನ ರಿಚರ್ಡ್ ಪ್ರಯರ್ 1979ರಲ್ಲಿ, 1982ರಲ್ಲಿ ಬರಿಯ ಮೈಕು ಹಿಡಿದು ನಿಂತ ಚಿತ್ರಗಳನ್ನು ಮೀರಿಸುವಂಥವು ಇನ್ನೂ ಬಂದಿಲ್ಲ ಎನ್ನುವವರಲ್ಲಿ ನಾನೂ ಒಬ್ಬ. 1983ರಲ್ಲಿ ಕೊಲಂಬಿಯಾ ಚಿತ್ರಸಂಸ್ಥೆ ಅವರೊಂದಿಗೆ 4 ಕೋಟಿ ಡಾಲರಿನ ಒಪ್ಪಂದ ಮಾಡಿಕೊಂಡಿತು. ಆ ದಶಕದ ಅವರ ಹಾಸ್ಯಚಿತ್ರಗಳನ್ನು ನೋಡುತ್ತ ಕೂತರೆ, ಹುಲಿಯನ್ನು ಯಾರೋ ಹೊದಿಕೆ ಹೊದಿಸಿ ಕೂರಿಸಿದ್ದಾರೆ ಅನ್ನಿಸುತ್ತದೆ. ಎಡ್ಡಿ ಮರ್ಫಿ 2002ರಲ್ಲಿ ಚಂದ್ರಲೋಕದಲ್ಲಿ ನಡೆಯುವ ಹಾಸ್ಯಚಿತ್ರವೊಂದರಲ್ಲಿ ನಟಿಸಿದರು. ಖರ್ಚು 10 ಕೋಟಿ ಡಾಲರ್, ಜಗತ್ತಿನೆಲ್ಲೆಡೆಯಿಂದ ಬಂದದ್ದು ಸುಮಾರು 70 ಲಕ್ಷ. ಆದರೆ ಅವರು ಬೇರೆಯವರ ಸಿನಿಮಾದಲ್ಲಿ ಸಿಕ್ಕಿಕೊಂಡವರು ಎಂಬ ನೆಪವಾದರೂ ಇದೆ.

ಚಿತ್ರದ ಪ್ರಚಾರದ ಹೊತ್ತಿನಲ್ಲಿ ನೀವು ನ್ಯೂಯಾರ್ಕರ್ ಪತ್ರಿಕೆಯ ಸಂದರ್ಶನದಲ್ಲಿ ಆಡಿದ ಮಾತು ನನ್ನನ್ನು ಇನ್ನಷ್ಟು ಕೆರಳಿಸಿತು. ಟಿವಿಯಲ್ಲಿ ಹಾಸ್ಯ ಸತ್ತಿತು, ಅದಕ್ಕೆ ಅತಿರೇಕದ ಎಡಪಂಥೀಯರೂ ಯಾರಿಗೆಲ್ಲಿ ನೋವಾದೀತೋ ಎಂಬ ಅಂಜಿಕೆಯೂ ಕಾರಣ ಎಂದಿರಿ. ಅದೇ ವರ್ಷದ ಅಕ್ಟೋಬರಿನಲ್ಲಿ ಗೆಳೆಯರೊಬ್ಬರ ಪಾಡ್‌ಕಾಸ್ಟ್‌ನಲ್ಲಿ ಆ ಮಾತನ್ನು ಹಿಂತೆಗೆದುಕೊಂಡಿರಿ. ಹಿಮದ ಮೇಲೆ ಜಾರುವವನು ಕಂಬಗಳನ್ನು ಎಲ್ಲಿ ನೆಟ್ಟರೂ ಅವುಗಳ ನಡುವೆ ನುಸುಳಿಕೊಂಡು ಇಳಿಯಬೇಕು, ಹಾಸ್ಯಗಾರನ ಕೆಲಸವೂ ಅದೇ ಎಂದಿರಿ. ಹಿಂತೆಗೆದುಕೊಂಡದ್ದು ನಿಮ್ಮ ದೊಡ್ಡತನ. ಆದರೆ ನನಗೆ ಅರ್ಥವಾಗದ್ದು ಇದು: ‘ಅನ್‌ಫ್ರಾಸ್ಟೆಡ್’ ಮಾಡುವಾಗ ನಿಮ್ಮ ದಾರಿಯಲ್ಲಿ ಒಂದು ಕಂಬವೂ ಇರಲಿಲ್ಲವಲ್ಲ. ಹಣ ಇತ್ತು, ಅಧಿಕಾರ ಇತ್ತು, ಕೇಳಿದ ನಟರೆಲ್ಲ ಬಂದರು, ಬೆದರಿಸುವವರು ಯಾರೂ ಇರಲಿಲ್ಲ. ಅಷ್ಟು ಸ್ವಾತಂತ್ರ್ಯದಲ್ಲಿ ನೀವು ಆರಿಸಿಕೊಂಡದ್ದು ಒಬ್ಬರ ಮನಸ್ಸಿಗೂ ಗೀರು ಬೀಳದ ಚಿತ್ರವನ್ನು. ಅದನ್ನು ನಿಮ್ಮಿಂದ ಯಾರೂ ಬಲವಂತವಾಗಿ ಮಾಡಿಸಲಿಲ್ಲ.

ಸಿನಿಮಾ ಬಂದ ಒಂಬತ್ತನೇ ದಿನ ಡ್ಯೂಕ್ ವಿಶ್ವವಿದ್ಯಾಲಯದ ಘಟಿಕೋತ್ಸವದಲ್ಲಿ ನೀವು ಮಾತನಾಡಿದಿರಿ. ಕೆಲಸವನ್ನು ಸುಲಭ ಮಾಡಿಕೊಳ್ಳುವುದೇ ಸಮಸ್ಯೆ, ಬದುಕಿನ ರುಚಿ ಪ್ರಯಾಸದಲ್ಲಿದೆ ಎಂಬ ಧಾಟಿಯಲ್ಲಿ ಮಕ್ಕಳಿಗೆ ಹೇಳಿದಿರಿ. ನನಗೂ ಅದು ಪೂರ್ತಿ ಒಪ್ಪಿಗೆ. ಆ ಭಾಷಣ ಕೇಳುತ್ತ ಸಿನಿಮಾಕ್ಕಿಂತ ಹೆಚ್ಚು ನಕ್ಕೆ.

ಮರುವರ್ಷ ಅತಿ ಕೆಟ್ಟ ಚಿತ್ರಗಳಿಗೆ ಕೊಡುವ ರ‍್ಯಾಝಿಯವರು ನಿಮ್ಮನ್ನು ಅತಿ ಕೆಟ್ಟ ನಟನೆಂದು ಆರಿಸಿದರು, ಏಮಿ ಶೂಮರ್ ಅವರಿಗೆ ಪೋಷಕ ನಟಿಯ ಸಾಲಿನಲ್ಲಿ ಅದೇ ಮರ್ಯಾದೆ ಸಿಕ್ಕಿತು. ಇದರಲ್ಲಿ ಮಾತ್ರ ನಾನು ನಿಮ್ಮ ಪರ. ನೀವು ಎಂದಾದರೂ ನಟನೆ ಮಾಡುತ್ತೇನೆ ಎಂದಿದ್ದಿರಾ? ಧಾರಾವಾಹಿಯಲ್ಲಿ ಜೇಸನ್ ಅಲೆಕ್ಸಾಂಡರ್, ಜೂಲಿಯಾ ಲೂಯಿ-ಡ್ರೈಫಸ್, ಮೈಕಲ್ ರಿಚರ್ಡ್ಸ್ ಮೂವರೂ ನಟಿಸಿದರು, ನೀವು ಪಕ್ಕದಲ್ಲಿ ನಿಂತು ನಗೆ ತಡೆಯಲಾರದೆ ತುಟಿ ಕಚ್ಚಿಕೊಂಡಿರಿ. ಆ ಮೂವರ ಹುಚ್ಚನ್ನು ನೋಡುವ ಸಾಕ್ಷಿಯಾಗಿ ನೀವು ಬೇಕಿತ್ತು. ‘ಅನ್‌ಫ್ರಾಸ್ಟೆಡ್’ ಚಿತ್ರದಲ್ಲಿ ನೀವು ಮಾಡಿದ್ದೂ ಅದೇ, ಆದರೆ ಸಾಕ್ಷಿಯಾಗುವುದಕ್ಕೆ ತಕ್ಕ ಹುಚ್ಚು ಎದುರಿಗೆ ಇರಲಿಲ್ಲ. ರ‍್ಯಾಝಿಯವರು ಕೆಟ್ಟ ಬರವಣಿಗೆಗೆ ಕೊಡಬೇಕಾದುದನ್ನು ನಟನೆಗೆ ಕೊಟ್ಟು ನಿಮ್ಮನ್ನು ಅಗ್ಗವಾಗಿ ಬಿಟ್ಟರು.

ಇಷ್ಟೆಲ್ಲ ಬರೆದ ಮೇಲೆ ಕೋರಿಕೆಯನ್ನೂ ಹೇಳಿಬಿಡುತ್ತೇನೆ. ಮತ್ತೊಂದು ಸಿನಿಮಾ ಮಾಡಬೇಡಿ ಎನ್ನಲು ನಾನು ಯಾರು. ಮಾಡುವುದಾದರೆ ಚಿತ್ರಕತೆಯನ್ನು ಲ್ಯಾರಿ ಡೇವಿಡ್ ಅವರಿಗೆ ಒಮ್ಮೆ ಕಳುಹಿಸಿ, ಅವರು ಬೈದ ಪುಟಗಳನ್ನು ಹರಿದುಹಾಕಿ. ಉಳಿದದ್ದನ್ನು ಒಬ್ಬರೇ ಕ್ಲಬ್ಬಿಗೆ ಹೋಗಿ ಗಟ್ಟಿಯಾಗಿ ಓದಿ. ಅದಕ್ಕೂ ಮೊದಲು, ಈ ಸೋಲಿನ ಮೇಲೆಯೇ ಏಳೆಂಟು ನಿಮಿಷದ್ದೊಂದು ಬರೆಯಿರಿ. ಎರಡು ವರ್ಷ ಕೆತ್ತಿದ ಜೋಕನ್ನು ಒಂದೂವರೆ ಗಂಟೆಗೆ ಉಬ್ಬಿಸಿ, ಪರಿಚಯದವರನ್ನೆಲ್ಲ ಕರೆದು, ಕೊನೆಗೆ ಕೆಟ್ಟ ನಟನ ಪ್ರಶಸ್ತಿ ಗೆದ್ದ ಎಪ್ಪತ್ತು ವರ್ಷದ ಮನುಷ್ಯನಿಗಿಂತ ಒಳ್ಳೆಯ ವಸ್ತು ನಿಮಗೆ ಇನ್ನೆಲ್ಲಿ ಸಿಗುತ್ತದೆ?

ಸಿದ್ಧವಾದಾಗ ಈ ಕಡೆಗೂ ಬನ್ನಿ. 2015ರಲ್ಲಿ ಮುಂಬೈಗೆ ಬರುವವರಿದ್ದಿರಿ. ವಾಹನ ನಿಲ್ಲಿಸುವ ಜಾಗದ ಸಮಸ್ಯೆಯೆಂದು ಪೊಲೀಸರು ಒಪ್ಪದೆ ಕಾರ್ಯಕ್ರಮ ನಿಂತುಹೋಯಿತು. ಕಾರು ನಿಲ್ಲಿಸಿದ ಜಾಗ ಮರೆತು ಅಲೆಯುವುದನ್ನೇ ಒಂದು ಇಡೀ ಕಂತಾಗಿ ಮಾಡಿದ ನಿಮಗೆ ಅದಕ್ಕಿಂತ ತಕ್ಕ ಗೌರವವನ್ನು ಭಾರತ ಕೊಡಲಾರದಿತ್ತು. ಈ ಸಲ ಬೆಂಗಳೂರಿಗೆ ಬಂದರೆ ನಾವೆಲ್ಲ ಮೆಟ್ರೊದಲ್ಲಿಯೇ ಬರುತ್ತೇವೆ.

ಇಂತಿ,
ನಿಮ್ಮ ಹಳೆಯ ಅಭಿಮಾನಿ